ಬೆಟ್ಟಕ್ಕೆ ನಾಯಿ ಬರಬೇಕೋ ಬೇಡವೋ? ಊಟ ಹಾಕುವವರೇ ಹೇಳಲಿ

ಶನಿವಾರ, ಭಾನುವಾರದ ಜೊತೆಗೆ ಸೋಮವಾರವೂ ರಜೆ ಬಂತೆಂದರೆ ಸಾಕು, ಈಗ ಎಲ್ಲರ ಮನೆಯಲ್ಲೂ ಒಂದೇ ಮಾತು: 'ಎಲ್ಲಿಗಾದ್ರೂ ಟ್ರೆಕಿಂಗ್ ಹೋಗೋಣ'. ಮೊದಲೆಲ್ಲ ಪ್ರವಾಸ ಅಂದರೆ ಧರ್ಮಸ್ಥಳ, ಸುಬ್ರಹ್ಮಣ್ಯ, ಹೆಚ್ಚೆಂದರೆ ಊಟಿ. ಈಗ ಹಾಗಲ್ಲ. ಬೆನ್ನಿಗೊಂದು ಬ್ಯಾಗು, ಕಾಲಿಗೆ ಶೂ, ಕಾರಿನ ಡಿಕ್ಕಿಯಲ್ಲಿ ಟೆಂಟು. ಅದರ ಜೊತೆಗೆ ಮನೆಯ ನಾಯಿ! 'ಅದನ್ನೊಂದೇ ಮನೇಲಿ ಬಿಟ್ಟು ಹೋಗೋದು ಹೇಗೆ? ಅದೂ ಮನೆ ಮಗು ತಾನೇ?' ಅಂತ ಮಕ್ಕಳು ಕೇಳಿದರೆ ಯಾವ ತಾಯಿಯ ಮನಸ್ಸು ಕರಗುವುದಿಲ್ಲ ಹೇಳಿ?

ಬೆಟ್ಟ ಹತ್ತುವಾಗ ನಾಯಿ ಜೊತೆಗಿರುವುದು ನಮಗೇನೂ ಹೊಸದಲ್ಲ. ಪಾಂಡವರು ಕೊನೆಯ ಯಾತ್ರೆಗೆ ಹೊರಟಾಗ ಧರ್ಮರಾಯನ ಹಿಂದೆ ಹೋದದ್ದು ಒಂದು ನಾಯಿ. ದಾರಿಯಲ್ಲಿ ಹೆಂಡತಿ, ತಮ್ಮಂದಿರು ಎಲ್ಲ ಬಿದ್ದುಹೋದರೂ ನಾಯಿ ಮಾತ್ರ ಕೊನೆಯವರೆಗೂ ಬಂತು. 'ನಾಯಿಯನ್ನು ಬಿಟ್ಟು ಬಾ' ಎಂದು ಇಂದ್ರ ಹೇಳಿದರೆ, 'ಹಾಗಿದ್ದರೆ ನನಗೆ ಸ್ವರ್ಗವೇ ಬೇಡ' ಅಂದ ಧರ್ಮರಾಯ. ಈ ಕತೆ ಕೇಳಿದಾಗಲೆಲ್ಲ ನಾವು ನಾಯಿಯ ನಿಷ್ಠೆಯನ್ನು ಹೊಗಳುತ್ತೇವೆ. ಆದರೆ ಎರಡು ವಿಷಯ ಮರೆತುಬಿಡುತ್ತೇವೆ. ಒಂದು, ಆ ನಾಯಿ ತಾನಾಗಿಯೇ ಹಿಂದೆ ಹೋಯಿತು, ಯಾರೂ ಚೈನು ಹಿಡಿದು ಎಳೆಯಲಿಲ್ಲ. ಇನ್ನೊಂದು, ನಾಯಿಗೋಸ್ಕರ ಧರ್ಮರಾಯ ಬಾಗಿಲಿನವರೆಗೆ ಹೋಗಿಯೂ ತಿರುಗಿ ಬರೋಕೆ ಸಿದ್ಧನಿದ್ದ. ನಾವು? ಅರ್ಧ ಬೆಟ್ಟದಿಂದ ವಾಪಸ್ ಬರೋದಕ್ಕೂ ತಯಾರಿಲ್ಲ!

ಇದನ್ನು ಬೇರೆ ಯಾರಿಗೋ ಬುದ್ಧಿ ಹೇಳೋಕೆ ಬರೆಯುತ್ತಿಲ್ಲ. ನಮ್ಮ ಮನೆಯಲ್ಲೇ ಆದದ್ದು.

ಹೇಳಿದ್ದೆ, ಆದರೆ ಗಟ್ಟಿಯಾಗಿ ಹೇಳಲಿಲ್ಲ

ನಮ್ಮ ಗುಂಡ ಲ್ಯಾಬ್ರಡಾರ್. ಆಗ ಏಳು ವರ್ಷ, ತೂಕ ಮೂವತ್ನಾಲ್ಕು ಕೆಜಿ. ಹೆಸರಿಗೆ ತಕ್ಕ ಹಾಗೆ ಗುಂಡಗೇ ಇದ್ದ. ಮಾರ್ಚ್ ತಿಂಗಳ ಒಂದು ಭಾನುವಾರ, ಬೆಂಗಳೂರಿನಿಂದ ಒಂದೂವರೆ ಗಂಟೆ ದಾರಿಯ ಬಂಡೆ ಬೆಟ್ಟವೊಂದಕ್ಕೆ ಹೊರಟೆವು. 'ಬೆಳಿಗ್ಗೆ ಐದಕ್ಕೇ ಬಿಡೋಣ' ಅಂದುಕೊಂಡಿದ್ದು, ಮಗ ಎದ್ದಿದ್ದೇ ಆರೂವರೆಗೆ. ಚಿತ್ರಾನ್ನ, ಚಪಾತಿ, ಪಲ್ಯ ಎಲ್ಲ ಡಬ್ಬಿಗೆ ತುಂಬಿ ಹೊರಡುವಷ್ಟರಲ್ಲಿ ಎಂಟು. ಬೆಟ್ಟದ ಬುಡ ಮುಟ್ಟಿದಾಗ ಒಂಬತ್ತೂ ಮುಕ್ಕಾಲು.

ಕಾರಿನಿಂದ ಇಳಿದ ಕೂಡಲೇ ಬಿಸಿಲು ಮುಖಕ್ಕೆ ಹೊಡೆಯಿತು. 'ರೀ, ಬಿಸಿಲು ಜಾಸ್ತಿ ಇದೆ. ಗುಂಡ ಬೇಡ ಅನ್ಸುತ್ತೆ. ನಾನೂ ಅವನೂ ಇಲ್ಲೇ ಮರದ ಕೆಳಗೆ ಕೂತಿರ್ತೀವಿ' ಅಂದೆ. 'ನಿಂದು ಯಾವಾಗ್ಲೂ ಇದ್ದಿದ್ದೇ' ಅಂದರು ನಮ್ಮವರು. 'ಅಮ್ಮಾ, ಅವನು ಎಷ್ಟು ಖುಷಿಯಾಗಿದಾನೆ ನೋಡು' ಅಂದ ಮಗ. ಖುಷಿಯಾಗೇ ಇದ್ದ, ನಿಜ. ಬಾಲ ಅಲ್ಲಾಡಿಸುತ್ತಿದ್ದ. ನಾನು ಸುಮ್ಮನಾದೆ.

ಅರ್ಧ ಬೆಟ್ಟ ಹತ್ತುವಷ್ಟರಲ್ಲಿ ಗುಂಡ ಸಿಕ್ಕ ಸಿಕ್ಕ ನೆರಳಿನಲ್ಲಿ ಕೂರತೊಡಗಿದ. ನಾಲಿಗೆ ಪೂರ್ತಿ ಹೊರಗೆ, ಬಣ್ಣ ಕಡುಗೆಂಪು. ಬಾಯಿಂದ ಅಂಟಂಟು ಜೊಲ್ಲು. ಆದರೂ ಮಗ 'ಬಾ ಗುಂಡ' ಅಂದಾಗಲೆಲ್ಲ ಎದ್ದು ನಾಲ್ಕು ಹೆಜ್ಜೆ ಹಾಕುತ್ತಿದ್ದ. ಕೊನೆಗೆ ನಡೆಯುತ್ತಿದ್ದವನು ವಾಲಿದ, ನೊರೆ ವಾಂತಿ ಮಾಡಿ ಹಾಗೇ ಮಲಗಿಬಿಟ್ಟ. ಕರೆದರೆ ಕಣ್ಣು ಕೂಡ ತಿರುಗಿಸಲಿಲ್ಲ.

ನಮ್ಮ ಹತ್ತಿರ ಉಳಿದಿದ್ದು ಒಂದೇ ಬಾಟಲಿ ನೀರು. ನನ್ನ ದುಪಟ್ಟಾ ಒದ್ದೆ ಮಾಡಿ ಅವನಿಗೆ ಹೊದಿಸಿದೆ. ಅಪ್ಪ, ಮಗ ಇಬ್ಬರೂ ಬೆಡ್‌ಶೀಟಿನಲ್ಲಿ ಅವನನ್ನು ಜೋಲಿಯ ಹಾಗೆ ಹೊತ್ತು ಇಳಿಸಿದರು. ಕೆಳಗೆ ಮೇಕೆ ಕಾಯುತ್ತಿದ್ದ ಅಜ್ಜ ಒಬ್ಬರು ಓಡಿ ಬಂದು, ತಮ್ಮ ಕ್ಯಾನಿನಲ್ಲಿದ್ದ ನೀರನ್ನೆಲ್ಲ ಗುಂಡನ ಹೊಟ್ಟೆಯ ಮೇಲೆ ಸುರಿದರು. ಆಮೇಲೆ ನನ್ನನ್ನು ನೋಡಿ, 'ಏನವ್ವಾ, ಈ ಹೊತ್ನಾಗೆ ನನ್ನ ಮೇಕೆಗಳೇ ಬಂಡೆ ಹತ್ತಾಕಿಲ್ಲ' ಅಂದರು. ನಾಚಿಕೆಯಿಂದ ತಲೆ ತಗ್ಗಿಸಿದೆ.

ಆಸ್ಪತ್ರೆಯಲ್ಲಿ ನೋಡಿದಾಗ ಗುಂಡನ ಮೈ ಬಿಸಿ 106 ಡಿಗ್ರಿ. ನಾಯಿಗೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇದ್ದರೆ ಸರಿ. 106 ಅಂದರೆ ಒಳಗಿನ ಅಂಗಗಳೇ ಹಾಳಾಗುವ ಹಂತ. ಎರಡು ರಾತ್ರಿ ಡ್ರಿಪ್ ಹಾಕಿದ ಮೇಲೆ ಬದುಕಿಕೊಂಡ. ಆ ಎರಡು ರಾತ್ರಿ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಡಾಕ್ಟರ್ ಬೈಯಲಿಲ್ಲ. ಒಂದೇ ಪ್ರಶ್ನೆ ಕೇಳಿದರು. 'ಇವನಿಗೆ ದಿನಾ ಊಟ ಹಾಕೋರು ಯಾರು?'

'ನಾನೇ' ಅಂದೆ.

'ಮತ್ತೆ ನಿಮಗೆ ಗೊತ್ತಾಗಲಿಲ್ವಾ?'

ಗೊತ್ತಾಗಿತ್ತು. ಅದೇ ಬೇಜಾರು. ಫ್ಯಾನ್ ಆಫ್ ಆದರೆ ಗುಂಡ ಬಚ್ಚಲುಮನೆಯ ನೆಲಕ್ಕೆ ಹೋಗಿ ಮಲಗುತ್ತಾನೆ ಅನ್ನೋದು ಗೊತ್ತಿದ್ದದ್ದು ಮನೆಯಲ್ಲಿ ನನಗೊಬ್ಬಳಿಗೇ. ಬೇಡ ಅಂತ ಹೇಳಿದ್ದೂ ನಾನೊಬ್ಬಳೇ. ಗಟ್ಟಿಯಾಗಿ ಮಾತ್ರ ಹೇಳಲಿಲ್ಲ.

ತೀರ್ಮಾನ ಯಾರದ್ದು?

ನನ್ನ ಅಭಿಪ್ರಾಯ ಇಷ್ಟೇ: ನಾಯಿಯನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗಬೇಕೋ ಬೇಡವೋ, ಎಲ್ಲಿಯವರೆಗೆ ಹತ್ತಿಸಬೇಕು, ಯಾವಾಗ ಇಳಿಸಬೇಕು ಅನ್ನೋ ತೀರ್ಮಾನ ಅದಕ್ಕೆ ದಿನಾ ಊಟ ಹಾಕುವವರದ್ದಾಗಬೇಕು. ಹೆಚ್ಚಿನ ಮನೆಗಳಲ್ಲಿ ಅದು ಗೃಹಿಣಿಯೇ.

ಯೋಚನೆ ಮಾಡಿ ನೋಡಿ. ನಾಯಿಮರಿ ಬೇಕು ಅಂತ ಹಠ ಮಾಡಿದ್ದು ಮಕ್ಕಳು. ತಂದವರು ಯಜಮಾನರು. ಒಂದು ತಿಂಗಳು ಕಳೆದ ಮೇಲೆ ಅದರ ಅನ್ನ, ಸ್ನಾನ, ವಾಂತಿ, ಭೇದಿ, ಲಸಿಕೆಯ ತಾರೀಖು ಎಲ್ಲ ಯಾರ ತಲೆಗೆ ಬಂತು? ಎರಡು ದಿನ ಸರಿಯಾಗಿ ತಿನ್ನಲಿಲ್ಲ ಅಂದರೆ ಮೊದಲು ಗೊತ್ತಾಗೋದು ತಟ್ಟೆ ತೊಳೆಯುವವರಿಗೆ. ಎಡಗಾಲು ಸ್ವಲ್ಪ ಎಳೀತಿದೆ ಅನ್ನೋದು ಕಾಣೋದು ಮನೆ ಒರೆಸುವವರಿಗೆ. ಇಷ್ಟೆಲ್ಲ ಗೊತ್ತಿರುವವರ ಮಾತಿಗೆ ಪ್ರವಾಸದ ದಿನ ಬೆಲೆ ಇಲ್ಲ ಅಂದರೆ ಹೇಗೆ?

ನಾಯಿಗೆ ಬಾಯಿ ಇಲ್ಲ. ಅದರಲ್ಲೂ ಸಾಕುನಾಯಿ ಮನೆಯವರ ಜೊತೆಗಿರುವ ಆಸೆಗೆ ತನ್ನ ಶಕ್ತಿ ಮುಗಿದರೂ ನಡೆಯುತ್ತಲೇ ಇರುತ್ತದೆ. 'ಸಾಕು' ಅಂತ ಅದು ಹೇಳೋದಿಲ್ಲ. ಹಾಗಾಗಿ ಅದರ ಪರವಾಗಿ 'ಸಾಕು' ಅನ್ನೋರು ಒಬ್ಬರು ಬೇಕು. ಆ ಒಬ್ಬರು ಯಾರು ಅಂತ ಮನೆ ಬಿಡುವ ಮೊದಲೇ ಎಲ್ಲರೂ ಒಪ್ಪಿಕೊಳ್ಳಬೇಕು. ಬೆಟ್ಟದ ಮಧ್ಯದಲ್ಲಿ ನಿಂತು ವಾದ ಮಾಡೋದಲ್ಲ.

'ಹಾಗಾದ್ರೆ ಕರೆದುಕೊಂಡು ಹೋಗೋದೇ ಬೇಡ ಬಿಡಿ, ನಾಯಿಗೂ ಪಿಕ್ನಿಕ್ಕಾ?' ಅಂತ ಪಕ್ಕದ ಮನೆಯವರು ಕೇಳಿಯಾರು. ನಾನು ಅದನ್ನೂ ಒಪ್ಪೋದಿಲ್ಲ. ಫ್ಲ್ಯಾಟಿನ ಬಾಲ್ಕನಿಯಲ್ಲಿ ನಿಂತು ರಸ್ತೆ ನೋಡುತ್ತಾ ದಿನ ಕಳೆಯುವ ಜೀವಕ್ಕೆ ಹಸಿ ಮಣ್ಣಿನ ವಾಸನೆ, ಹರಿಯುವ ನೀರು, ಓಡಾಡೋಕೆ ಜಾಗ ಸಿಕ್ಕರೆ ಎಷ್ಟು ಸಂತೋಷ ಅನ್ನೋದನ್ನು ಕಣ್ಣಾರೆ ಕಂಡಿದ್ದೇನೆ. ಹೋಗಬೇಕು. ಆದರೆ ನಾಯಿಗೆ ಒಗ್ಗುವ ಜಾಗಕ್ಕೆ, ಒಗ್ಗುವ ಹೊತ್ತಿನಲ್ಲಿ ಹೋಗಬೇಕು. ಫೋಟೋ ಚೆನ್ನಾಗಿ ಬರುತ್ತೆ ಅಂತ ಹೋಗಬಾರದು.

ನಿಮ್ಮ ನಾಯಿಗೆ ಆಗುತ್ತಾ?

ಮೊದಲು ಇದನ್ನು ತಿಳಿದುಕೊಳ್ಳಿ. ನಮಗೆ ಮೈಯೆಲ್ಲ ಬೆವರುತ್ತದೆ. ನಾಯಿಗೆ ಬೆವರುವುದು ಪಾದದ ಅಡಿಯಲ್ಲಿ ಮಾತ್ರ, ಅದೂ ಅಷ್ಟಿಷ್ಟು. ಬಾಯಿ ತೆರೆದು ಏದುಸಿರು ಬಿಡುವುದೇ ಅದು ಮೈ ತಣ್ಣಗೆ ಮಾಡಿಕೊಳ್ಳುವ ಮುಖ್ಯ ದಾರಿ. ಸೆಕೆ ಜಾಸ್ತಿಯಾದರೆ ಅದು ಸಾಲುವುದಿಲ್ಲ.

ಮೂತಿ ಚಪ್ಪಟೆ ಇರುವ ಪಗ್, ಬುಲ್‌ಡಾಗ್ ಜಾತಿಗಳಿಗೆ ಉಸಿರಾಟವೇ ಕಷ್ಟ. 2003ರಲ್ಲಿ ಮೊಬೈಲ್ ಜಾಹೀರಾತಿನಲ್ಲಿ ಪುಟ್ಟ ಹುಡುಗನ ಹಿಂದೆ ಎಲ್ಲ ಕಡೆ ಓಡಿದ ಪಗ್ ನೆನಪಿದೆಯಲ್ಲ? ಆಮೇಲೆ ಮನೆಮನೆಗೂ ಪಗ್ ಬಂತು. ಆದರೆ ಜಾಹೀರಾತು ನೋಡಿ ಅದನ್ನು ಬೆಟ್ಟ ಹತ್ತಿಸಬೇಡಿ. ಹಸ್ಕಿ, ಸೇಂಟ್ ಬರ್ನಾರ್ಡ್‌ನಂಥ ದಪ್ಪ ಕೂದಲಿನವು ಚಳಿ ದೇಶದವು. ಅವಕ್ಕೆ ನಮ್ಮ ಚಳಿಗಾಲದ ಬೆಳಗಿನ ನಡಿಗೆಯೇ ಸಾಕು. ನಮ್ಮ ಬೀದಿನಾಯಿಯನ್ನೋ ಮುಧೋಳ ನಾಯಿಯನ್ನೋ ಸಾಕಿದ್ದರೆ ಅವು ಇಲ್ಲಿನ ಹವೆಗೆ ಹೊಂದಿಕೊಂಡವು, ಸ್ವಲ್ಪ ವಾಸಿ. ಹಾಗಂತ ಅವಕ್ಕೂ ಬಿಸಿಲು ಬಿಸಿಲೇ!

ದೊಡ್ಡ ಜಾತಿಯ ಮರಿಗಳಿಗೆ ಒಂದು ವರ್ಷ ತುಂಬುವವರೆಗೆ ಮೂಳೆ ಗಟ್ಟಿಯಾಗಿರುವುದಿಲ್ಲ, ಉದ್ದದ ಚಾರಣ ಬೇಡ. ವಯಸ್ಸಾದದ್ದು, ತೂಕ ಹೆಚ್ಚಿರುವುದು, ಹೃದಯದ ತೊಂದರೆ ಇರುವುದು ಮನೆಯಲ್ಲಿರಲಿ. ಬೆದೆಗೆ ಬಂದ ಹೆಣ್ಣುನಾಯಿಯನ್ನಂತೂ ಕರೆದೊಯ್ಯಲೇಬೇಡಿ. ಊರ ನಾಯಿಗಳೆಲ್ಲ ಟೆಂಟಿನ ಸುತ್ತ ಸೇರುತ್ತವೆ.

ಬಂಡೆಯೋ ಟಾರು ರಸ್ತೆಯೋ ಕಾದಿದೆಯಾ ಅಂತ ನೋಡೋದಕ್ಕೆ ಒಂದು ಸುಲಭ ಪರೀಕ್ಷೆ. ನಿಮ್ಮ ಅಂಗೈ ಹಿಂಭಾಗವನ್ನು ಏಳು ಎಣಿಸುವವರೆಗೆ ಅದರ ಮೇಲೆ ಇಡಿ. ತಡೆಯೋಕೆ ಆಗಲಿಲ್ಲವೇ? ನಾಯಿಯ ಕಾಲಿಗೂ ತಡೆಯೋಕಾಗದು. ದೋಸೆ ಕಾವಲಿ ಕಾದಿದೆಯಾ ಅಂತ ಕೈಯಲ್ಲೇ ತಿಳಿಯುವ ನಮಗೆ ಇದೇನು ಕಷ್ಟ ಹೇಳಿ?

ಇನ್ನು ನಾನು ಮಾಡಿದ ತಪ್ಪು. ಒದ್ದೆ ದುಪಟ್ಟಾ ಹೊದಿಸಿ ಹಾಗೇ ಬಿಟ್ಟಿದ್ದೆನಲ್ಲ, ಹಾಗೆ ಬಿಟ್ಟರೆ ಅದು ಬಿಸಿಯಾಗಿ ಮೈ ಶಾಖ ಹೊರಗೆ ಹೋಗದಂತೆ ತಡೆಯುತ್ತದಂತೆ. ನಾಯಿಗೆ ಬಿಸಿಲು ಬಡಿದಿದೆ ಅನ್ನಿಸಿದರೆ ನೆರಳಿಗೆ ತಂದು ಹೊಟ್ಟೆ, ಕಂಕುಳು, ತೊಡೆಸಂದು, ಪಾದಕ್ಕೆ ನೀರು ಸುರಿಯುತ್ತಾ ಇರಿ, ಗಾಳಿ ಬೀಸಿ. ಎಚ್ಚರ ಇದ್ದರೆ ಗುಟುಕು ಗುಟುಕಾಗಿ ಕುಡಿಸಿ. ಎಚ್ಚರ ಇಲ್ಲದಿದ್ದರೆ ಬಾಯಿಗೆ ನೀರು ಹಾಕಲೇಬೇಡಿ. ಮೊದಲು ತಂಪು ಮಾಡಿ, ಆಮೇಲೆ ಆಸ್ಪತ್ರೆಗೆ ಹೊರಡಿ. ದಾರಿಯಲ್ಲಿ ಚೇತರಿಸಿಕೊಂಡ ಹಾಗೆ ಕಂಡರೂ ಡಾಕ್ಟರಿಗೆ ತೋರಿಸದೆ ಇರಬೇಡಿ.

ಕಾಡು ಬೇಡ, ತೋಟ ಸಾಕು

'ಕುದುರೆಮುಖಕ್ಕೆ ಹೋಗೋಣ, ಕುಮಾರ ಪರ್ವತಕ್ಕೆ ಹೋಗೋಣ' ಅಂತ ಮಕ್ಕಳು ಹೇಳಬಹುದು. ಅವರು ಹೋಗಿ ಬರಲಿ, ನಾಯಿ ಬೇಡ. ಕುದುರೆಮುಖ ರಾಷ್ಟ್ರೀಯ ಉದ್ಯಾನ. ಕುಮಾರ ಪರ್ವತ ಇರುವುದು ಪುಷ್ಪಗಿರಿ ಅಭಯಾರಣ್ಯದಲ್ಲಿ. ಬಂಡೀಪುರ, ನಾಗರಹೊಳೆ ಹುಲಿ ಸಂರಕ್ಷಿತ ಪ್ರದೇಶಗಳು. ಇಂಥ ಕಡೆ ಸಾಕುನಾಯಿಗೆ ಪ್ರವೇಶವಿಲ್ಲ.

'ಒಂದು ನಾಯಿಯಿಂದ ಕಾಡಿಗೇನಾಗುತ್ತೆ?' ಅನ್ನಬೇಡಿ. ಆಗುತ್ತೆ. ನಾಯಿಗಳಿಗೆ ಬರುವ ಡಿಸ್ಟೆಂಪರ್ ಅನ್ನೋ ರೋಗ ಕಾಡಿನ ಪ್ರಾಣಿಗಳಿಗೂ ಅಂಟುತ್ತದೆ. 1994ರಲ್ಲಿ ಆಫ್ರಿಕಾದ ಸೆರೆಂಗೆಟಿಯಲ್ಲಿ ಈ ರೋಗದಿಂದ ಅಲ್ಲಿನ ಸಿಂಹಗಳಲ್ಲಿ ಸುಮಾರು ಮೂರನೇ ಒಂದು ಭಾಗ ಸತ್ತವು. 2018ರಲ್ಲಿ ಗುಜರಾತಿನ ಗಿರ್‌ನಲ್ಲಿ ಸಿಂಹಗಳು ಸಾಲಾಗಿ ಸತ್ತಾಗಲೂ ಇದೇ ವೈರಸ್ ಪತ್ತೆಯಾಯಿತು. ನಮ್ಮ ಕಾಡಿನ ಸೀಳುನಾಯಿ, ಹುಲಿ, ಚಿರತೆಗಳಿಗೂ ಈ ಅಪಾಯ ಇದೆ. ಮನೆಯ ಮಗು ಅಂತ ನಾವು ಮುದ್ದು ಮಾಡುವ ನಾಯಿ ಕಾಡಿನ ಮಕ್ಕಳಿಗೆ ರೋಗ ಹೊತ್ತು ಹೋಗುವುದು ಬೇಡ.

ನಮ್ಮ ಪ್ರಾಣಕ್ಕೂ ಅಪಾಯವೇ. ನಾಯಿ ಪೊದೆಯಲ್ಲಿ ಕರಡಿಯನ್ನೋ, ತೋಟದಂಚಿನಲ್ಲಿ ಆನೆಯನ್ನೋ ಕಂಡರೆ ಬೊಗಳಿ ಕೆಣಕುತ್ತದೆ. ಅದು ಅಟ್ಟಿಸಿಕೊಂಡು ಬಂದರೆ ನಾಯಿ ಓಡಿ ಬರೋದು ಎಲ್ಲಿಗೆ? ನಿಮ್ಮ ಹತ್ತಿರಕ್ಕೇ!

ಹಾಗಾದರೆ ಎಲ್ಲಿಗೆ ಹೋಗೋದು? ನನ್ನನ್ನು ಕೇಳಿದರೆ ಮೊದಲ ಕ್ಯಾಂಪಿಂಗಿಗೆ ನಿಮ್ಮ ತವರೂರಿನ ತೋಟಕ್ಕಿಂತ ಒಳ್ಳೆ ಜಾಗ ಇಲ್ಲ. ಅಣ್ಣನದೋ, ಚಿಕ್ಕಪ್ಪನದೋ ತೆಂಗಿನ ತೋಟ ಇರುತ್ತಲ್ಲ, ಅಲ್ಲೇ ಟೆಂಟ್ ಹಾಕಿ. ನೀರಿದೆ, ನೆರಳಿದೆ, ಕಷ್ಟ ಬಂದರೆ ಕೂಗಿದರೆ ಓಡಿ ಬರೋಕೆ ಜನ ಇದ್ದಾರೆ. ಅದು ಅಭ್ಯಾಸವಾದ ಮೇಲೆ ಸಕಲೇಶಪುರ, ಚಿಕ್ಕಮಗಳೂರು, ಕೊಡಗಿನ ಕಡೆ ನಾಯಿಗೆ ಅವಕಾಶ ಕೊಡುವ ಹೋಮ್‌ಸ್ಟೇಗಳಿವೆ. ಕಾಫಿ ತೋಟದ ಒಳಗೇ ಒಂದೆರಡು ಕಿಲೋಮೀಟರ್ ನಡೆಯೋಕೆ ದಾರಿಗಳಿರುತ್ತವೆ. ಹೋಗುವ ಮೊದಲೇ ಫೋನ್ ಮಾಡಿ, 'ನಾಯಿ ಇದೆ, ಇಷ್ಟು ದೊಡ್ಡದು' ಅಂತ ಸ್ಪಷ್ಟವಾಗಿ ಹೇಳಿ. ಅವರ ಮನೆಯಲ್ಲೂ ನಾಯಿ ಇದೆಯಾ ಅಂತ ಕೇಳಿಕೊಳ್ಳಿ. ಅಲ್ಲಿ ಹೋಗಿ ಕಚ್ಚಾಟ ಆಗಬಾರದು.

ಹಳ್ಳಿ ದಾರಿಯಲ್ಲಿ ಚೈನು ಕೈಯಲ್ಲೇ ಇರಲಿ. 'ನಮ್ಮ ನಾಯಿ ಏನೂ ಮಾಡಲ್ಲ' ಅನ್ನೋ ಮಾತು ಕೋಳಿ ಕಂಡಾಗ, ಕುರಿ ಹಿಂಡು ಕಂಡಾಗ ನಡೆಯೋದಿಲ್ಲ. ನಮಗದು ಆಟ, ಕುರಿ ಸಾಕಿದವರಿಗೆ ಅದು ಬದುಕು.

ಬುತ್ತಿಯಲ್ಲಿ ಎಚ್ಚರ

ಪ್ರವಾಸದ ಬುತ್ತಿ ಕಟ್ಟೋದು ನಾವೇ ತಾನೇ? ಹಾಗಾದರೆ ಇದು ನಮಗೇ ಸೇರಿದ ವಿಷಯ. ಚಿತ್ರಾನ್ನದಲ್ಲಿನ ಈರುಳ್ಳಿ ನಾಯಿಗೆ ಒಳ್ಳೆಯದಲ್ಲ, ಅದು ರಕ್ತದ ಕಣಗಳನ್ನು ಹಾಳು ಮಾಡುತ್ತದೆ. ಬೆಳ್ಳುಳ್ಳಿಯೂ ಹಾಗೇ. ಕೇಸರಿಬಾತಿನ ಒಣದ್ರಾಕ್ಷಿ, ಹಸಿ ದ್ರಾಕ್ಷಿ ಎರಡೂ ಮೂತ್ರಪಿಂಡಕ್ಕೆ ಅಪಾಯ. ಮಕ್ಕಳ ಬ್ಯಾಗಿನ ಚಾಕೊಲೇಟ್ ವಿಷ. ರಾತ್ರಿ ಬೆಂಕಿ ಹಾಕಿ ಚಿಕನ್ ಸುಟ್ಟರೆ ಆ ಮೂಳೆ ಹಾಕಬೇಡಿ. ಬೆಂದ ಮೂಳೆ ಚೂಪಾಗಿ ಸೀಳಿ ಗಂಟಲು, ಕರುಳಿಗೆ ಚುಚ್ಚುತ್ತದೆ.

ಮನೆಯಲ್ಲಿ ದಿನಾ ಏನು ತಿನ್ನುತ್ತದೋ ಅದನ್ನೇ ಒಯ್ಯಿರಿ. ಹೊಸ ರುಚಿ ಪ್ರವಾಸದಲ್ಲಿ ಬೇಡ. ಹೊಟ್ಟೆ ತುಂಬ ತಿನ್ನಿಸಿ ಕೂಡಲೇ ಓಡಾಡಿಸಬೇಡಿ. ಬೆಳಿಗ್ಗೆ ಸ್ವಲ್ಪ, ನಡಿಗೆ ಮುಗಿಸಿ ಸುಧಾರಿಸಿಕೊಂಡ ಮೇಲೆ ಉಳಿದದ್ದು ಕೊಡಿ.

ನೀರಿನ ಲೆಕ್ಕ ಮಾತ್ರ ತಪ್ಪಬಾರದು. ಇಪ್ಪತ್ತೈದು ಕೆಜಿಯ ನಾಯಿಗೆ ಮನೆಯಲ್ಲೇ ದಿನಕ್ಕೆ ಸುಮಾರು ಒಂದೂವರೆ ಲೀಟರ್ ಬೇಕು. ನಡೆಯುವ ದಿನ ಅದರ ಎರಡು ಪಟ್ಟಾದರೂ ಇರಲಿ. ಮೈ ಒದ್ದೆ ಮಾಡೋಕೆ ಇನ್ನೊಂದು ಬಾಟಲಿ ಬೇರೆ. ನಿಂತ ನೀರು ಕುಡಿಯೋಕೆ ಬಿಡಬೇಡಿ. ಇಲಿಜ್ವರ ಅಂತಹ ನೀರಿನಿಂದ ನಾಯಿಗೂ ಬರುತ್ತದೆ, ಮನುಷ್ಯರಿಗೂ ಬರುತ್ತದೆ.

ಇನ್ನೊಂದು ಮಾತು. ಕಾಲು ನೋಯುತ್ತಿದೆ ಅಂತ ನಮ್ಮ ನೋವಿನ ಮಾತ್ರೆ, ಜ್ವರದ ಮಾತ್ರೆಯನ್ನು ನಾಯಿಗೆ ಕೊಡಲೇಬೇಡಿ. ಏನು ಕೊಡಬಹುದು ಅನ್ನೋದನ್ನು ಹೊರಡುವ ಮೊದಲೇ ಪಶುವೈದ್ಯರ ಹತ್ತಿರ ಬರೆಸಿಕೊಳ್ಳಿ.

ಟೆಂಟಿನಲ್ಲಿ ರಾತ್ರಿ

ರಾತ್ರಿ ನಾಯಿಯನ್ನು ಹೊರಗೆ ಕಟ್ಟಿದರೆ ಕಾವಲು ಕಾಯುತ್ತೆ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಚಿರತೆಗೆ ನಾಯಿ ಅಂದರೆ ಸುಲಭದ ಬೇಟೆ. ರಾಮನಗರ, ಮಾಗಡಿ, ತುಮಕೂರು ಸುತ್ತಲಿನ ಬಂಡೆ ಬೆಟ್ಟಗಳಲ್ಲೂ ಚಿರತೆಗಳಿವೆ, ಮಲೆನಾಡಿನಲ್ಲಿ ಮಾತ್ರ ಅಲ್ಲ. ಕಟ್ಟಿಹಾಕಿದ ನಾಯಿ ಓಡೋಕೂ ಆಗದು. ಟೆಂಟಿನ ಒಳಗೆ, ನಿಮ್ಮ ಕಾಲಬದಿಯಲ್ಲೇ ಹಳೆ ಕಂಬಳಿ ಹಾಸಿ ಮಲಗಿಸಿ. ಮನೆಯ ವಾಸನೆ ಇರುವ ಕಂಬಳಿಯಾದರೆ ಬೇಗ ನಿದ್ದೆ ಮಾಡುತ್ತದೆ. ಟೆಂಟು ಅಂದರೇನು ಅಂತ ಅದಕ್ಕೆ ಗೊತ್ತಿರೋದಿಲ್ಲವಲ್ಲ, ಹೊರಡುವ ಒಂದು ವಾರ ಮೊದಲು ತಾರಸಿಯ ಮೇಲೋ ಹಾಲಿನಲ್ಲೋ ಟೆಂಟ್ ಹಾಕಿ ಎರಡು ರಾತ್ರಿ ಅಭ್ಯಾಸ ಮಾಡಿಸಿ. ಮಕ್ಕಳಿಗೂ ಮಜಾ!

ಕತ್ತಲಾದ ಮೇಲೆ ಮೂತ್ರಕ್ಕೆ ಕರೆದೊಯ್ದರೂ ಟಾರ್ಚು ಮತ್ತು ಚೈನು ಎರಡೂ ಇರಲಿ. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ನಡೆಸದೆ ಎತ್ತಿಕೊಂಡು ಹೋಗಿ. ಹತ್ತಿರದ ಪಶು ಆಸ್ಪತ್ರೆ ಎಲ್ಲಿದೆ, ಫೋನ್ ನಂಬರ್ ಏನು ಅಂತ ಹೊರಡುವ ಮುಂಚೆಯೇ ಚೀಟಿಯಲ್ಲಿ ಬರೆದಿಟ್ಟುಕೊಂಡಿರಿ. ಕಾಡಂಚಿನಲ್ಲಿ ಮೊಬೈಲ್ ಸಿಗ್ನಲ್ ನಂಬೋಕಾಗದು.

ಮನೆಗೆ ಬಂದ ಮೇಲೆ

ಎಲ್ಲರೂ ಸುಸ್ತಾಗಿ ಮಲಗಿಬಿಡುತ್ತಾರೆ. ಆದರೆ ಮುಖ್ಯವಾದ ಕೆಲಸ ಶುರುವಾಗೋದೇ ಆಗ. ಉಣ್ಣಿ (ಮಲೆನಾಡಿನವರು ಉಣುಗು ಅಂತಾರೆ) ಹುಡುಕಬೇಕು. ಕಿವಿಯ ಒಳಗೆ, ಬೆರಳ ಸಂದಿ, ಕಂಕುಳು, ಬಾಲದ ಬುಡ, ಕುತ್ತಿಗೆಯ ಬೆಲ್ಟಿನ ಕೆಳಗೆ ಕೈಯಾಡಿಸಿ ನೋಡಿ. ಸಿಕ್ಕರೆ ಚರ್ಮಕ್ಕೆ ಹತ್ತಿರದಲ್ಲಿ ಚಿಮುಟದಿಂದ ಹಿಡಿದು ನೇರವಾಗಿ ಎಳೆಯಿರಿ. ಸೀಮೆಎಣ್ಣೆ ಹಾಕುವುದು, ಸುಡುವುದು ಬೇಡ. ಬರಿ ಬೆರಳಲ್ಲಿ ಹಿಸುಕಲೂಬೇಡಿ. ಮಳೆಗಾಲದಲ್ಲಾದರೆ ಇಂಬಳವನ್ನೂ ನೋಡಬೇಕು. ಮೂಗಿನಿಂದ ರಕ್ತ ಬರುತ್ತಿದ್ದರೆ, ಪದೇ ಪದೇ ಸೀನುತ್ತಿದ್ದರೆ ಮೂಗಿನೊಳಗೆ ಇಂಬಳ ಸೇರಿರಬಹುದು, ಡಾಕ್ಟರಿಗೇ ತೋರಿಸಿ.

ಉಣ್ಣಿ ಕಚ್ಚಿ ಒಂದರಿಂದ ಮೂರು ವಾರದ ಒಳಗೆ ನಾಯಿ ಊಟ ಬಿಟ್ಟರೆ, ಜ್ವರ ಬಂದರೆ, ವಸಡು ಬಿಳಿಚಿಕೊಂಡರೆ ಟಿಕ್ ಜ್ವರ ಇರಬಹುದು. ತಡಮಾಡದೆ ರಕ್ತಪರೀಕ್ಷೆ ಮಾಡಿಸಿ. ಬೇಗ ಗೊತ್ತಾದರೆ ಔಷಧಿ ಇದೆ.

ಇದು ನಾಯಿಯ ವಿಷಯ ಮಾತ್ರ ಅಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಮನುಷ್ಯರಿಗೆ ಬರೋದು ಉಣ್ಣಿಯಿಂದ. ನಾಯಿಯ ಮೈ ಹತ್ತಿದ ಉಣ್ಣಿ ನಿಮ್ಮ ಹಾಸಿಗೆಗೂ ಬರಬಹುದು. ಆ ಕಾಯಿಲೆ ಹೆಚ್ಚಾಗಿ ಕಾಣಿಸಿಕೊಳ್ಳೋದು ನವೆಂಬರ್‌ನಿಂದ ಮೇ ವರೆಗೆ. ಆ ತಿಂಗಳುಗಳಲ್ಲಿ ಸಾಗರ, ಸೊರಬ, ತೀರ್ಥಹಳ್ಳಿ ಕಡೆಯ ಕಾಡಂಚಿನಲ್ಲಿ ಟೆಂಟ್ ಹಾಕುವ ಯೋಚನೆಯನ್ನೇ ಕೈಬಿಡಿ.

ಕೆಲಸ ಹಂಚಿ, ನೀವೂ ನಡೆಯಿರಿ

ಇಷ್ಟೆಲ್ಲ ಓದಿ 'ಅಯ್ಯೋ, ಇದೂ ನಮ್ಮ ತಲೆಗೇ ಬಂತಲ್ಲ' ಅನ್ನಿಸಿತೇ? ಇಲ್ಲ ಕಣ್ರೀ, ತೀರ್ಮಾನ ನಿಮ್ಮದು ಅಂದೆನೇ ಹೊರತು ಕೆಲಸ ಎಲ್ಲ ನಿಮ್ಮದು ಅನ್ನಲಿಲ್ಲ. ನೀರು ಹೊರುವುದು ಮಗನಿಗೆ, ಉಣ್ಣಿ ಹುಡುಕುವುದು ಮಗಳಿಗೆ, ಕಕ್ಕಸು ತೆಗೆದು ಮುಚ್ಚುವುದು ಯಜಮಾನರಿಗೆ. ಮೊದಲೇ ಹೀಗೆ ಹಂಚಿಬಿಡಿ. 'ನಾಯಿ ಬರಬೇಕು ಅಂದ್ರೆ ಇದು ಕರಾರು' ಅನ್ನಿ. ಯಾರೂ ಒಪ್ಪಲಿಲ್ಲವೇ? ಹಾಗಿದ್ದರೆ ನಾಯಿ ಬರುವುದಿಲ್ಲ, ಅಷ್ಟೇ. ನಂಬಿಕಸ್ಥರ ಮನೆಯಲ್ಲಿ ಒಂದು ದಿನ ಬಿಟ್ಟು ಹೋಗೋದು ಪಾಪವೇನಲ್ಲ. ಅರವತ್ತು ವರ್ಷದ ಅತ್ತೆಯನ್ನು ಬಿಸಿಲಲ್ಲಿ ಬೆಟ್ಟ ಹತ್ತಿಸದಿದ್ದರೆ ಅವರ ಮೇಲೆ ಪ್ರೀತಿ ಇಲ್ಲ ಅಂತ ಅರ್ಥವೇ?

ಆದರೆ ನಾಯಿಯನ್ನು ನೋಡಿಕೊಳ್ಳೋಕೆ ನೀವು ಮನೆಯಲ್ಲಿ ಉಳಿಯೋದು, ಉಳಿದವರೆಲ್ಲ ಬೆಟ್ಟ ಹತ್ತೋದು, ಇದನ್ನು ಮಾತ್ರ ಪ್ರತಿ ಸಲ ಒಪ್ಪಿಕೊಳ್ಳಬೇಡಿ. ನಮಗೂ ಗಾಳಿ ಬೇಕು, ಹಸಿರು ಬೇಕು. ಮದುವೆಯಾದ ಮೇಲೆ ಸುಮ್ಮನೆ ನಡೆಯೋಕೆ ಅಂತ ಎಷ್ಟು ಸಲ ಹೊರಗೆ ಹೋಗಿದ್ದೇವೆ, ನೆನಪಿಸಿಕೊಳ್ಳಿ. ನಾನಂತೂ ಬೆಳಗಿನ ಆರು ಗಂಟೆಯ ಆಕಾಶ ನೋಡೋಕೆ ಶುರು ಮಾಡಿದ್ದೇ ಗುಂಡ ಬಂದ ಮೇಲೆ.

ಗುಂಡನಿಗೆ ಈಗ ಹತ್ತು ವರ್ಷ. ಬಂಡೆ ಬೆಟ್ಟದ ಸುದ್ದಿ ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ನನ್ನ ಅಣ್ಣನ ತೋಟಕ್ಕೆ ಹೋಗುತ್ತೇವೆ. ಬೆಳಿಗ್ಗೆ ಆರೂವರೆಗೆ ನಾನೂ ಅವನೂ ಕೆರೆ ಏರಿಯ ಮೇಲೆ ಹೊರಡುತ್ತೇವೆ. ಅವನು ನಿಂತಲ್ಲಿ ನಾನೂ ನಿಲ್ಲುತ್ತೇನೆ, ಅವನು ತಿರುಗಿದ ಕೂಡಲೇ ನಾನೂ ತಿರುಗುತ್ತೇನೆ. ಕಳೆದ ಸಲ ಎಂಟು ಗಂಟೆಗೆ ಮಗ 'ಅಮ್ಮಾ, ಇನ್ನೂ ಸ್ವಲ್ಪ ದೂರ ಹೋಗೋಣ' ಅಂದಾಗ 'ಸಾಕು' ಅಂದೆ. ಮರುಮಾತಾಡದೆ ಅವನೇ ಚೈನು ಹಿಡಿದು ವಾಪಸ್ ತಿರುಗಿದ.

ನಿಮ್ಮ ಮನೆಯಲ್ಲೂ ಮುಂದಿನ ರಜೆಗೆ ಪ್ಲ್ಯಾನ್ ನಡೀತಿರಬಹುದು. ಅಡುಗೆಮನೆಯಿಂದ ಹೊರಗೆ ಬನ್ನಿ, ಆ ಮಾತಿನ ಮಧ್ಯೆ ಕೂತ್ಕೊಳ್ಳಿ. ನಾಯಿಯ ವಿಷಯ ಬಂದಾಗ ಗಟ್ಟಿಯಾಗಿ ಹೇಳಿ. ಏನಂತೀರಿ?

ಹೊರಡುವ ಮುನ್ನ ನೆನಪಿಡಿ

* ರೇಬೀಸ್ ಮತ್ತು ಡಿಸ್ಟೆಂಪರ್, ಪಾರ್ವೊ, ಇಲಿಜ್ವರದ ಲಸಿಕೆಗಳ ಅವಧಿ ಮುಗಿದಿಲ್ಲವೇ ನೋಡಿ. ಲಸಿಕೆ ಪುಸ್ತಕ ಬ್ಯಾಗಿನಲ್ಲಿರಲಿ.
* ಉಣ್ಣಿ ಬಾರದ ಔಷಧಿಯನ್ನು ಹೊರಡುವ ಕನಿಷ್ಠ ಎರಡು ದಿನ ಮೊದಲು ಡಾಕ್ಟರ್ ಸಲಹೆಯಂತೆ ಹಾಕಿ. ಹಾಕಿದ ಕೂಡಲೇ ಸ್ನಾನ ಮಾಡಿಸಬೇಡಿ.
* ಬೆಲ್ಟಿನಲ್ಲಿ ನಿಮ್ಮ ಮೊಬೈಲ್ ನಂಬರ್ ಬರೆದ ಬಿಲ್ಲೆ ಇರಲಿ. ಚೈನಿನ ಕೊಕ್ಕೆ ಸಡಿಲವಾಗಿಲ್ಲವೇ ಪರೀಕ್ಷಿಸಿ.
* ನಿಲ್ಲಿಸಿದ ಕಾರಿನಲ್ಲಿ, ಕಿಟಕಿ ಸ್ವಲ್ಪ ಇಳಿಸಿದ್ದರೂ, ನಾಯಿಯನ್ನು ಬಿಟ್ಟು ಹೋಗಬೇಡಿ. ಹತ್ತೇ ನಿಮಿಷದಲ್ಲಿ ಒಳಗೆ ಒಲೆಯಾಗುತ್ತದೆ.
* ರೈಲಿನಲ್ಲಿ ನಾಯಿಯನ್ನು ಜೊತೆಗೇ ಕರೆದೊಯ್ಯಬೇಕಾದರೆ ಮೊದಲ ದರ್ಜೆಯ ಎ.ಸಿ.ಯಲ್ಲಿ ಇಡೀ ಕೂಪೆ ಅಥವಾ ಕ್ಯಾಬಿನ್ ನಿಮ್ಮ ಹೆಸರಿಗೇ ಸಿಕ್ಕಿರಬೇಕು. ನಿಲ್ದಾಣದ ಪಾರ್ಸೆಲ್ ಕಚೇರಿಯಲ್ಲಿ ಮೊದಲೇ ವಿಚಾರಿಸಿ.
* ಅಗಲವಾದ ಒಂದು ಹಳೆಯ ಬೆಡ್‌ಶೀಟ್ ಇಟ್ಟುಕೊಳ್ಳಿ. ನಡೆಯಲಾರದ ನಾಯಿಯನ್ನು ಹೊತ್ತು ತರೋಕೆ ಅದೇ ಗತಿ.
* ಹಳೆ ಪೇಪರು, ಕವರು ಮರೆಯಬೇಡಿ. ನಮ್ಮ ನಾಯಿಯ ಗಲೀಜು ಇನ್ನೊಬ್ಬರ ಹೊಲದಲ್ಲಿ, ಹಳ್ಳದ ನೀರಿನಲ್ಲಿ ಉಳಿಯಬಾರದು.